ಹಕ್ಕಲು ಮತ್ತು ಉಗ್ರಾಣ: ಚರ್ಚಿನ ಆಹಾರ ಹಂಚಿಕೆಯ ಚರಿತ್ರೆಯಲ್ಲಿ ಒಂದು ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯ ಭಾಗದಲ್ಲಿರುವ ಅರಿಜೋನದ ರಾಜಧಾನಿಯಾದ ಫೀನಿಕ್ಸ್ ನಗರದಲ್ಲಿ, ಸೇಂಟ್ ಮೇರಿ ಎಂಬ ಕ್ಯಾಥೊಲಿಕ್ ಇಗರ್ಜಿಯ ಆಶ್ರಯದಲ್ಲಿ ೧೯೬೭ರಲ್ಲಿ ಒಂದು ಉಗ್ರಾಣವು ಪ್ರಾರಂಭವಾಯಿತು. ಅದಕ್ಕೆ ‘ಫುಡ್ ಬ್ಯಾಂಕ್’ ಎಂದು ಹೆಸರಿಟ್ಟರು. ಅಂಗಡಿಗಳವರು ಮಾರಲಾಗದೆ ಎಸೆಯುತ್ತಿದ್ದ ಆಹಾರಪದಾರ್ಥಗಳನ್ನು ಸ್ವಯಂಸೇವಕರು ತಂದು ಅಲ್ಲಿ ಕೂಡಿಡುತ್ತಿದ್ದರು. ಊರಿನ ಧರ್ಮಸಂಸ್ಥೆಗಳು ಅಲ್ಲಿಂದ ಅದನ್ನು ಪಡೆದು ಹಸಿದವರಿಗೆ ಹಂಚುತ್ತಿದ್ದವು. ಇಂದು ಲೋಕದ ಹಲವು ದೇಶಗಳಲ್ಲಿ ಈ ಹೆಸರಿನಿಂದ ನಡೆಯುತ್ತಿರುವ ಸಂಸ್ಥೆಗಳಿಗೆಲ್ಲ ಈ ಉಗ್ರಾಣವೇ ಮೂಲವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇಷ್ಟು ಇತ್ತೀಚಿನ, ಇಷ್ಟು ಸಾಧಾರಣವಾದ ಒಂದು ಏರ್ಪಾಡನ್ನು ಇತಿಹಾಸದ ವಿದ್ಯಾರ್ಥಿಯು ಏತಕ್ಕೆ ಗಮನಿಸಬೇಕೆಂದು ಕೆಲವರು ಕೇಳಬಹುದು. ಯುದ್ಧ, ಸಂಧಿ, ಶಾಸನಗಳ ನಡುವೆ ರೊಟ್ಟಿಯ ಲೆಕ್ಕಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ದೊರೆತಿರುವ ಸ್ಥಳವು ಅತ್ಯಲ್ಪವೇ ಸರಿ. ಆದರೆ ಉಳಿದ ಆಹಾರವು ಯಾರಿಗೆ ಸೇರಿದುದು, ಅದನ್ನು ತೆಗೆದುಕೊಳ್ಳುವವನು ತನ್ನ ಪಾಲನ್ನು ಪಡೆಯುತ್ತಾನೆಯೋ ಅನ್ಯರ ದಯೆಯನ್ನು ಪಡೆಯುತ್ತಾನೆಯೋ ಎಂಬ ಪ್ರಶ್ನೆಯು ಬಹು ಪುರಾತನವಾದುದು. ಫೀನಿಕ್ಸಿನ ಉಗ್ರಾಣವು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಅದರ ಹಿಂದಣ ಉತ್ತರಗಳೊಡನೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದು ಉಳಿದ ತೆನೆಗೆ ಕನ್ನಡದಲ್ಲಿ ‘ಹಕ್ಕಲು’ ಎಂಬ ಹಳೆಯ ಶಬ್ದವುಂಟು. ಬೈಬಲಿನ ಕನ್ನಡ ಭಾಷಾಂತರದಲ್ಲಿ ರೂತಳ ಕಥೆಯನ್ನು ಓದಿದವರಿಗೆ ‘ಹಕ್ಕಲಾಯುವುದು’ ಎಂಬ ಪ್ರಯೋಗವು ಪರಿಚಿತವಾಗಿಯೇ ಇದೆ. (‘ಹಕ್ಕಲು’ ಎಂಬುದಕ್ಕೂ ‘ಹಕ್ಕು’ ಎಂಬುದಕ್ಕೂ ಧ್ವನಿಸಾಮ್ಯವಿದೆಯೆಂದು ಯಾರೂ ವ್ಯುತ್ಪತ್ತಿ ಕಟ್ಟಲಾಗದು, ಎರಡನೆಯದು ಅರಬ್ಬಿಯಿಂದ ಬಂದುದು.) ಮೋಶೆಯ ಧರ್ಮಶಾಸ್ತ್ರವು ಹೊಲದ ಒಡೆಯನಿಗೆ ಕೆಲವು ನಿಷೇಧಗಳನ್ನು ವಿಧಿಸಿದ್ದಿತು. ಹೊಲದ ಅಂಚನ್ನು ಪೂರ್ತಿಯಾಗಿ ಕೊಯ್ಯಕೂಡದು. ಬಿದ್ದ ತೆನೆಯನ್ನು ಆಯಕೂಡದು. ಮರೆತು ಬಿಟ್ಟ ಸಿವುಡನ್ನು ತರಲು ಹಿಂದಿರುಗಕೂಡದು. ಅವು ಪರದೇಶಿಗೆ, ತಬ್ಬಲಿಗೆ, ವಿಧವೆಗೆ ಸೇರಿದವು. ರೂತಳು ಮೋವಾಬ್ ದೇಶದವಳು, ವಿಧವೆ; ಆದುದರಿಂದ ಎರಡು ಕಾರಣಗಳಿಂದ ಆ ಪಾಲಿಗೆ ಅರ್ಹಳಾಗಿದ್ದಳು. ಈ ವಿಧಿಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಡೆಯನು ಏನನ್ನೂ ‘ಕೊಡುವುದಿಲ್ಲ’. ಅವನು ಸುಮ್ಮನೆ ಬಿಡುತ್ತಾನೆ, ಬಡವರು ತಾವೇ ಬಂದು ಆಯ್ದುಕೊಳ್ಳುತ್ತಾರೆ.

ಕ್ರಿಸ್ತಶಕ ೨೦೦ರ ಸುಮಾರಿಗೆ ಸಂಗ್ರಹವಾದ ಯೆಹೂದ್ಯರ ‘ಮಿಷ್ನಾ’ದಲ್ಲಿ ಈ ವಿಷಯಕ್ಕೆಂದೇ ಒಂದು ಪ್ರಕರಣವಿದೆ. ಹೊಲದ ಅಂಚಿನಲ್ಲಿ ಬಿಡತಕ್ಕ ಭಾಗವು ಅರವತ್ತನೆಯ ಒಂದು ಪಾಲಿಗಿಂತ ಕಡಮೆಯಾಗಬಾರದೆಂದು ಅದು ಹೇಳುತ್ತದೆ. ಅದಕ್ಕಿಂತಲೂ ವಿಶೇಷವಾದ ನಿಯಮ ಮತ್ತೊಂದಿದೆ. ಹಕ್ಕಲಾಯಲು ಬಂದ ಬಡವರನ್ನು ತಡೆಯುವವನು ಬಡವರನ್ನು ದೋಚಿದಂತೆ. ಒಬ್ಬನಿಗೆ ಅವಕಾಶ ಕೊಟ್ಟು ಇನ್ನೊಬ್ಬನಿಗೆ ಕೊಡದವನೂ ದೋಚಿದಂತೆ. ಅವರಲ್ಲಿ ಒಬ್ಬನಿಗೆ ನೆರವಾದವನೂ ದೋಚಿದಂತೆಯೇ. ನೆರವಾಗುವುದನ್ನು ಕಳ್ಳತನದ ಸಾಲಿಗೆ ಸೇರಿಸಿದ ಈ ಮಾತು ಮೊದಲು ವಿಚಿತ್ರವಾಗಿ ತೋರಬಹುದು. ಆದರೆ ಆ ತೆನೆಯು ಒಡೆಯನದಲ್ಲವೆಂದು ಒಮ್ಮೆ ಒಪ್ಪಿದ ಮೇಲೆ, ಅದನ್ನು ತನಗೆ ಬೇಕಾದವನಿಗೆ ಎತ್ತಿಕೊಡುವ ಅಧಿಕಾರವು ಅವನಿಗೆ ಎಲ್ಲಿಂದ ಬರಬೇಕು? ನಮ್ಮ ಹಳ್ಳಿಗಳ ಕಣಗಳಲ್ಲಿ ಬಡಗಿ, ಕಮ್ಮಾರ, ಅಗಸ ಮೊದಲಾದ ಆಯಗಾರರು ರಾಶಿಯಿಂದ ತಮ್ಮ ‘ಆಯ’ವನ್ನು ತೆಗೆದುಕೊಳ್ಳುತ್ತಿದ್ದುದೂ ದಾನವಾಗಿರಲಿಲ್ಲ. ಅದು ದುಡಿಮೆಗೆ ಸಂದ ಪಾಲಾದ್ದರಿಂದ ಹಕ್ಕಲಿಗೆ ಸಮಾನವೆಂದು ಹೇಳುವಂತಿಲ್ಲ. ಬೆಳೆದವನ ರಾಶಿಯೆಲ್ಲವೂ ಬೆಳೆದವನದೇ ಅಲ್ಲ ಎಂಬ ತಿಳಿವಳಿಕೆಯು ಮಾತ್ರ ಎರಡು ಕಡೆಗೂ ಸಮಾನವಾದುದು.

ಪ್ರಾಚೀನ ಕ್ರೈಸ್ತಸಭೆಯ ಆಹಾರ ಹಂಚಿಕೆಯು ಬೆಳೆದುದು ಹೊಲದಲ್ಲಲ್ಲ, ಪಟ್ಟಣದಲ್ಲಿ. ಅಲ್ಲಿ ಆಯಲು ತೆನೆಯಿಲ್ಲ. ಆದುದರಿಂದ ಕೂಡಿಸಿ ಹಂಚುವವರು ಬೇಕಾದರು. ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದ ಆರನೆಯ ಅಧ್ಯಾಯದಂತೆ, ಜೆರೂಸಲೇಮಿನಲ್ಲಿ ಗ್ರೀಕ್ ಭಾಷೆಯನ್ನಾಡುತ್ತಿದ್ದ ಪಂಗಡದ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟರು. ಆ ಬಗ್ಗೆ ದೂರು ಹುಟ್ಟಿತು. ಅದರ ಪರಿಹಾರಕ್ಕಾಗಿ ಏಳು ಮಂದಿಯನ್ನು ಆರಿಸಿದರು. ಅನಂತರದ ಕಾಲದಲ್ಲಿ ‘ಡೀಕನ್’ ಎಂದು ಪ್ರಸಿದ್ಧವಾದ ಪರಿಚಾರಕರ ಪದವಿಗೆ ಈ ಪ್ರಸಂಗವನ್ನೇ ಮೂಲವಾಗಿ ತೋರಿಸುತ್ತ ಬಂದಿದ್ದಾರೆ. ಸೇವೆಯ ಈ ಪದವಿಯು ಯಾರದೋ ಔದಾರ್ಯದಿಂದ ಹುಟ್ಟದೆ, ಪಾಲು ಸಿಗದವರ ಗೊಣಗಾಟದಿಂದ ಹುಟ್ಟಿತೆಂಬುದನ್ನು ವ್ಯಾಖ್ಯಾನಕಾರರು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ರೋಮ್ ಸಾಮ್ರಾಜ್ಯದಲ್ಲಿ ಅದಕ್ಕೆ ಮೊದಲೇ ರಾಜ್ಯದ ಧಾನ್ಯ ಹಂಚಿಕೆಯು ರೂಢಿಯಲ್ಲಿದ್ದಿತು. ಜೂಲಿಯಸ್ ಸೀಸರನು ಅದರ ಫಲಾನುಭವಿಗಳನ್ನು ೩,೨೦,೦೦೦ದಿಂದ ೧,೫೦,೦೦೦ಕ್ಕೆ ಇಳಿಸಿದನು. ಅಗಸ್ಟಸನ ಕಾಲದಲ್ಲಿ ಅದು ಸುಮಾರು ಎರಡು ಲಕ್ಷದಲ್ಲಿ ನಿಂತಿತು. ಈ ಧಾನ್ಯವು ಬಡವರಿಗೆಂದು ಮೀಸಲಾಗಿರಲಿಲ್ಲ. ಪಟ್ಟಿಯಲ್ಲಿ ಹೆಸರಿರುವ ರೋಮಿನ ಪೌರನಿಗೆ ಪೌರನೆಂಬ ಕಾರಣದಿಂದಲೇ ಅದು ದೊರೆಯುತ್ತಿತ್ತು. ಗುಲಾಮನಿಗೆ, ಪರದೇಶಿಗೆ ಇಲ್ಲ. ಕ್ರೈಸ್ತಸಭೆಯು ಇನ್ನೊಂದು ಪಟ್ಟಿಯನ್ನು ಮಾಡಿತು. ೨೫೧ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸನು ಬರೆದ ಪತ್ರವನ್ನು ಇತಿಹಾಸಕಾರ ಯೂಸೀಬಿಯಸನು ಉಳಿಸಿದ್ದಾನೆ. ಅದರ ಪ್ರಕಾರ ಅಲ್ಲಿನ ಸಭೆಯಲ್ಲಿ ೪೬ ಮಂದಿ ಹಿರಿಯರು, ೭ ಮಂದಿ ಡೀಕನ್ನರು ಇದ್ದರು. ಸಭೆಯು ಪೋಷಿಸುತ್ತಿದ್ದ ವಿಧವೆಯರು ಮತ್ತು ದೀನರ ಸಂಖ್ಯೆ ೧,೫೦೦ಕ್ಕೂ ಮೀರಿದ್ದಿತು. ಬಡತನವೇ ಅರ್ಹತೆಯಾದ ಪಟ್ಟಿಯಿದು. ಪೀಟರ್ ಬ್ರೌನ್ ಅವರು ರೋಮ್ ಸಾಮ್ರಾಜ್ಯದ ಕೊನೆಯ ಶತಮಾನಗಳನ್ನು ಕುರಿತ ತಮ್ಮ ಗ್ರಂಥದಲ್ಲಿ (೨೦೦೨) ಈ ಬದಲಾವಣೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಪಟ್ಟಣದ ‘ಪೌರ’ ಎಂಬ ಕಲ್ಪನೆಯ ಸ್ಥಳದಲ್ಲಿ ‘ಬಡವ’ ಎಂಬ ಕಲ್ಪನೆಯು ಬಂದು ನಿಂತಿತು, ಬಡವರ ಪೋಷಕನಾಗಿ ಬಿಷಪ್ಪನು ಪ್ರಬಲನಾದನು ಎಂಬುದು ಅವರ ವಾದದ ಸಾರ.

ಉತ್ತರ ಆಫ್ರಿಕದ ಸಿರ್ತಾ ಪಟ್ಟಣದ ದಾಖಲೆಯೊಂದು ಇಲ್ಲಿ ಉಲ್ಲೇಖಾರ್ಹವಾದುದು. ೩೦೩ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಆಜ್ಞೆಯಂತೆ ಅಧಿಕಾರಿಗಳು ಕ್ರೈಸ್ತರ ಸಭಾಗೃಹವನ್ನು ಶೋಧಿಸಿ, ಸಿಕ್ಕಿದ ವಸ್ತುಗಳನ್ನೆಲ್ಲ ಪಟ್ಟಿಮಾಡಿದರು. ಬೆಳ್ಳಿ ಬಂಗಾರದ ಪಾತ್ರೆಗಳಲ್ಲದೆ ಹೆಂಗಸರ ನಿಲುವಂಗಿ ೮೨, ಗಂಡಸರ ನಿಲುವಂಗಿ ೧೬, ಗಂಡಸರ ಪಾದರಕ್ಷೆ ೧೩ ಜೊತೆ, ಹೆಂಗಸರ ಪಾದರಕ್ಷೆ ೪೭ ಜೊತೆ ಅಲ್ಲಿದ್ದವು. ಊಟದ ಕೋಣೆಯಲ್ಲಿ ದೊಡ್ಡ ಗುಡಾಣಗಳಿದ್ದವು. ಹಿಂಸಿಸಲು ಬಂದ ಸರ್ಕಾರದ ಗುಮಾಸ್ತನ ಕೈಬರಹದಿಂದ ಆ ಸಭೆಯು ಯಾರಿಗೆ ಕೊಡುತ್ತಿತ್ತೆಂಬುದು ನಮಗೆ ತಿಳಿಯುತ್ತದೆ. ಹೆಂಗಸರ ಪಾದರಕ್ಷೆಗಳ ಸಂಖ್ಯೆಯೇ ಸಾಕ್ಷಿ. ಸುಮಾರು ಅರವತ್ತು ವರ್ಷಗಳ ಮೇಲೆ, ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಸ್ಥಾಪಿಸಲು ಯತ್ನಿಸಿದ ಚಕ್ರವರ್ತಿ ಜೂಲಿಯನನು, ಗಲಾಟಿಯ ಪ್ರಾಂತದ ಪ್ರಧಾನ ಅರ್ಚಕನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಪೋಷಿಸುತ್ತಿರುವುದು ನಾಚಿಕೆಗೇಡೆಂದು ಹೇಳಿ, ವರ್ಷಕ್ಕೆ ೩೦,೦೦೦ ಮೋಡಿಯಸ್ ಅಳತೆಯ ಗೋಧಿಯನ್ನು ಮಂಜೂರು ಮಾಡಿದನು. ವಿರೋಧಿಯ ಬಾಯಿಂದ ಬಂದ ಈ ಸಾಕ್ಷ್ಯಕ್ಕಿಂತ ಬಲವಾದುದು ಬೇರೆ ಬೇಕಿಲ್ಲ.

ಮಧ್ಯಯುಗದ ಮಠಗಳ ಬಾಗಿಲಲ್ಲಿ ನಡೆಯುತ್ತಿದ್ದ ಭಿಕ್ಷೆ, ೧೬೧೭ರಲ್ಲಿ ಫ್ರಾನ್ಸಿನ ಶಾತಿಯೋನ್ ಎಂಬ ಊರಿನಲ್ಲಿ ವಿನ್ಸೆಂಟ್ ದ ಪಾಲನು ಗೃಹಿಣಿಯರಿಂದ ಕಟ್ಟಿಸಿದ ಸೇವಾಸಂಘ, ೧೮೩೩ರಲ್ಲಿ ಪ್ಯಾರಿಸಿನ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಮನು ಇಪ್ಪತ್ತರ ಪ್ರಾಯದಲ್ಲಿ ಸಂಗಡಿಗರೊಡನೆ ಸ್ಥಾಪಿಸಿ ಅದೇ ವಿನ್ಸೆಂಟನ ಹೆಸರನ್ನಿಟ್ಟ ಸಂಘ, ಇವುಗಳ ಚರಿತ್ರೆಯು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದುದು. ಪ್ರಸ್ತುತ ವಿಷಯಕ್ಕೆ ಬೇಕಾದುದು ಇಷ್ಟೇ: ದೀಕ್ಷೆ ಪಡೆದ ಡೀಕನನ ಕೆಲಸವು ಕ್ರಮೇಣ ಸಾಮಾನ್ಯ ಗೃಹಸ್ಥರ, ಹೆಂಗಸರ, ವಿದ್ಯಾರ್ಥಿಗಳ ಬಿಡುವಿನ ವೇಳೆಯ ಕೆಲಸವಾಯಿತು.

ಇತ್ತ ಹಕ್ಕಲಿನ ಗತಿ ಏನಾಯಿತು? ಇದನ್ನು ಸ್ವಲ್ಪ ವಿಸ್ತರಿಸಿ ನೋಡತಕ್ಕದ್ದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೂಲಿಕಾರರ ಹೆಂಡಿರು ಮಕ್ಕಳು ಕೊಯ್ಲಿನ ಅನಂತರ ಹೊಲಕ್ಕಿಳಿದು ತೆನೆ ಆಯುವುದು ಬಹುಕಾಲದ ವಾಡಿಕೆಯಾಗಿದ್ದಿತು. ೧೭೮೭ರ ಸುಗ್ಗಿಯಲ್ಲಿ ಸಫೋಕ್ ಪ್ರಾಂತದ ಟಿಮ್‌ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬ ಹೆಂಗಸು ಜೇಮ್ಸ್ ಸ್ಟೀಲ್ ಎಂಬವನ ಹೊಲದಲ್ಲಿ ಹಕ್ಕಲಾಯ್ದಳು. ಅವನು ಅತಿಕ್ರಮ ಪ್ರವೇಶದ ದಾವೆ ಹೂಡಿದನು. ೧೭೮೮ರಲ್ಲಿ ಲಂಡನ್ನಿನ ಕಾಮನ್ ಪ್ಲೀಸ್ ನ್ಯಾಯಾಲಯದಲ್ಲಿ ನಾಲ್ವರು ನ್ಯಾಯಾಧೀಶರಲ್ಲಿ ಮೂವರು ಅವನ ಪರವಾಗಿ ತೀರ್ಪಿತ್ತರು. ಪರರ ಹೊಲದಲ್ಲಿ ಹಕ್ಕಲಾಯುವ ಹಕ್ಕು ಇಂಗ್ಲೆಂಡಿನ ಸಾಮಾನ್ಯ ನ್ಯಾಯದಲ್ಲಿ ಯಾರಿಗೂ ಇಲ್ಲ. ಮೋಶೆಯ ವಿಧಿಯು ಯೆಹೂದ್ಯರ ರಾಜ್ಯಕ್ಕೆ ಸಂಬಂಧಿಸಿದುದೇ ಹೊರತು ನಮ್ಮನ್ನು ಕಟ್ಟುವುದಿಲ್ಲ ಎಂಬುದು ಬಹುಮತದ ಅಭಿಪ್ರಾಯ. ನ್ಯಾಯಮೂರ್ತಿ ಗೋಲ್ಡ್ ಒಬ್ಬರೇ ಭಿನ್ನಮತವನ್ನು ಬರೆದರು.

ಟಿಮ್‌ವರ್ತ್‌ಗೆ ಸಮೀಪದ ಕಲ್ಫರ್ಡ್ ಎಸ್ಟೇಟು ಲಾರ್ಡ್ ಕಾರ್ನ್‌ವಾಲಿಸನ ಸ್ವಂತ ಆಸ್ತಿ. ತೀರ್ಪು ಹೊರಬಿದ್ದಾಗ ಆತನು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದನು. ೧೭೯೨ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪೂಸುಲ್ತಾನನಿಂದ ಅರ್ಧ ರಾಜ್ಯವನ್ನು ಬಿಡಿಸಿಕೊಂಡು, ೧೭೯೩ರಲ್ಲಿ ಬಂಗಾಳದ ಜಮೀನ್ದಾರರಿಗೆ ಭೂಮಿಯನ್ನು ಶಾಶ್ವತವಾಗಿ ಗೊತ್ತುಪಡಿಸಿದವನು ಆತನೇ. ಟಿಮ್‌ವರ್ತ್‌ನ ದಾವೆಗೂ ಬಂಗಾಳದ ಕಾಯದೆಗೂ ನೇರವಾದ ಕಾರ್ಯಕಾರಣ ಸಂಬಂಧವನ್ನು ನಾನು ಕಲ್ಪಿಸುತ್ತಿಲ್ಲ. ನೆಲದ ಮೇಲೆ ಹಲವರಿಗಿದ್ದ ಹಲವು ಬಗೆಯ ಪಾಲುಗಳನ್ನು ಅಳಿಸಿ ಒಬ್ಬನನ್ನು ಸಂಪೂರ್ಣ ಒಡೆಯನನ್ನಾಗಿ ಮಾಡುವ ಮನೋಭಾವವು ಆ ದಶಕದಲ್ಲಿ ಎರಡು ಖಂಡಗಳಲ್ಲಿಯೂ ಕೆಲಸಮಾಡುತ್ತಿತ್ತೆಂದು ಮಾತ್ರ ಹೇಳಬಹುದು.

ತೀರ್ಪು ಬಂದೊಡನೆ ಹಕ್ಕಲಾಯುವುದು ನಿಂತುಹೋಯಿತೆಂದು ತಿಳಿಯಬಾರದು. ಪೀಟರ್ ಕಿಂಗ್ ಅವರು ೧೯೮೯ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹಳ್ಳಿಗಳಲ್ಲಿ ಈ ಕಾನೂನು ಬಹುಮಟ್ಟಿಗೆ ವಿಫಲವಾಯಿತೆಂದು ತೋರಿಸಿದ್ದಾರೆ. ಹೆಂಗಸರು ಗುಂಪಾಗಿ ಹೊಲಕ್ಕೆ ಹೋಗುತ್ತಲೇ ಇದ್ದರು. ಅನೇಕ ಊರುಗಳಲ್ಲಿ ಹಕ್ಕಲಾಯುವ ವೇಳೆಯ ಮೊದಲು ಕೊನೆಗಳನ್ನು ಇಗರ್ಜಿಯ ಗಂಟೆ ಬಾರಿಸಿ ತಿಳಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಇದ್ದಿತು. ಎಲ್ಲರೂ ಒಟ್ಟಿಗೆ ಪ್ರಾರಂಭಿಸಬೇಕು, ಮೊದಲು ಬಂದವಳು ಹೆಚ್ಚು ಬಾಚಿಕೊಳ್ಳಬಾರದು ಎಂಬುದು ಆ ಗಂಟೆಯ ಅರ್ಥ. ಇಗರ್ಜಿಯು ಅಲ್ಲಿ ಏನನ್ನೂ ಕೊಡುತ್ತಿರಲಿಲ್ಲ, ನ್ಯಾಯವಾದ ವೇಳೆಯನ್ನು ಮಾತ್ರ ಸಾರುತ್ತಿತ್ತು. ಕೊನೆಗೆ ಹಕ್ಕಲನ್ನು ಅಳಿಸಿದುದು ನ್ಯಾಯಾಲಯಕ್ಕಿಂತ ಹೆಚ್ಚಾಗಿ ಕೊಯ್ಲಿನ ಯಂತ್ರವೆಂದು ತೋರುತ್ತದೆ. ಯಂತ್ರವು ತೆನೆ ಬಿಡುವುದು ಕಡಮೆ.

ಈಗ ಫೀನಿಕ್ಸಿಗೆ ಬರೋಣ. ಜಾನ್ ವಾನ್ ಹೆಂಗೆಲ್ ಎಂಬವರು ೧೯೨೩ರಲ್ಲಿ ವಿಸ್ಕಾನ್‌ಸಿನ್ ಸಂಸ್ಥಾನದಲ್ಲಿ ಹುಟ್ಟಿದವರು. ನಾನಾ ಉದ್ಯೋಗಗಳನ್ನು ಮಾಡಿ, ಸಂಸಾರವು ಒಡೆದು, ಬೆನ್ನುಮೂಳೆಯ ಪೆಟ್ಟಿನಿಂದ ನರಳಿ, ಚೇತರಿಸಿಕೊಳ್ಳಲು ಬೆಚ್ಚನೆಯ ಹವೆಯ ಅರಿಜೋನಕ್ಕೆ ಬಂದಿದ್ದರು. ಅಲ್ಲಿ ಸೇಂಟ್ ವಿನ್ಸೆಂಟ್ ದ ಪಾಲ್ ಸಂಘದ ಅನ್ನಶಾಲೆಯಲ್ಲಿ ಸ್ವಯಂಸೇವಕರಾಗಿ ಸೇರಿದರು. ಓಜಾನಾಮನ ವಿದ್ಯಾರ್ಥಿಸಂಘವು ನೂರಮೂವತ್ತು ವರ್ಷಗಳಲ್ಲಿ ಮರುಭೂಮಿಯ ಆ ಊರಿನವರೆಗೆ ಹಬ್ಬಿದ್ದಿತು. ಫೀನಿಕ್ಸ್ ಇರುವ ಕಣಿವೆಯಲ್ಲಿ ನಿಂಬೆ ಕಿತ್ತಳೆಗಳ ತೋಟಗಳು ಹೇರಳ. ಕೀಳುವವರಿಲ್ಲದೆ ಹಣ್ಣು ಮರದಲ್ಲಿಯೇ ಕೊಳೆಯುತ್ತಿತ್ತು. ಅವರು ಆ ಹಣ್ಣನ್ನು ಬೇಡಿ ಕೀಳಿಸಿ ಹಳೆಯ ವಾಹನವೊಂದರಲ್ಲಿ ಅನ್ನಶಾಲೆಗಳಿಗೆ ಸಾಗಿಸತೊಡಗಿದರು. ಅಂದರೆ ಇದರ ಪ್ರಾರಂಭವೂ ಹಕ್ಕಲಿನಿಂದಲೇ ಆಯಿತು.

ಬ್ಯಾಂಕಿನ ಕಲ್ಪನೆ ಹುಟ್ಟಿದ ಬಗೆಯನ್ನು ಆ ಸಂಸ್ಥೆಯವರೇ ಹೀಗೆ ಹೇಳುತ್ತ ಬಂದಿದ್ದಾರೆ. ಗಂಡನು ಸೆರೆಮನೆಯಲ್ಲಿದ್ದ, ಹತ್ತು ಮಕ್ಕಳ ತಾಯಿಯೊಬ್ಬಳು ವಾನ್ ಹೆಂಗೆಲ್ ಅವರಿಗೆ ಪರಿಚಿತಳಾದಳು. ಮಕ್ಕಳನ್ನು ಹೇಗೆ ಸಾಕುತ್ತೀಯೆಂದು ಕೇಳಿದುದಕ್ಕೆ, ದಿನಸಿ ಅಂಗಡಿಗಳ ಹಿಂದಿನ ಕಸದ ತೊಟ್ಟಿಗಳಿಂದ ಆಯ್ದು ತರುವೆನೆಂದಳು. ಅವರು ಹೋಗಿ ನೋಡಿದಾಗ ತಿನ್ನಲು ಯೋಗ್ಯವಾದ ತರಕಾರಿ, ಹಿಂದಿನ ದಿನದ ರೊಟ್ಟಿ, ಹೆಪ್ಪುಗಟ್ಟಿಸಿದ ಆಹಾರ ಮೊದಲಾದುವು ಅಲ್ಲಿದ್ದವು. ಹಣವನ್ನು ಇಡುವ, ತೆಗೆಯುವ ಬ್ಯಾಂಕಿರುವಂತೆ ಆಹಾರಕ್ಕೂ ಒಂದಿರಬೇಕೆಂದು ಹೇಳಿದವಳೂ ಆಕೆಯೇ. ಅವರು ಸೇಂಟ್ ಮೇರಿ ಇಗರ್ಜಿಯ ಫ್ರಾನ್ಸಿಸ್ಕನ್ ಪಾದ್ರಿಗಳ ಬಳಿಗೆ ಹೋದರು. ಪಾದ್ರಿಗಳು ಪಾಳುಬಿದ್ದಿದ್ದ ಬೇಕರಿಯ ಕಟ್ಟಡವನ್ನೂ ೩,೦೦೦ ಡಾಲರುಗಳನ್ನೂ ಕೊಟ್ಟರು. ಮೊದಲನೆಯ ವರ್ಷದಲ್ಲಿಯೇ ೨,೭೫,೦೦೦ ಪೌಂಡು, ಎಂದರೆ ಸುಮಾರು ೧೨೫ ಟನ್ನು ಆಹಾರವು ಆ ಉಗ್ರಾಣದ ಮೂಲಕ ಹಂಚಿಕೆಯಾಯಿತು. ಈ ಕಥೆಯನ್ನು ಹೇಳುವಾಗಲೆಲ್ಲ ವಾನ್ ಹೆಂಗೆಲ್ ಅವರ ಹೆಸರು ಬರುತ್ತದೆ. ಉಪಾಯವನ್ನು ಕೊಟ್ಟ ತಾಯಿಯು ಮಾತ್ರ ‘ಹತ್ತು ಮಕ್ಕಳ ತಾಯಿ’ಯಾಗಿಯೇ ಉಳಿದಿದ್ದಾಳೆ.

ಆ ತಾಯಿಯು ತೊಟ್ಟಿಯಿಂದ ಆಯುತ್ತಿದ್ದುದು ರೂತಳು ಹೊಲದಲ್ಲಿ ಆಯುತ್ತಿದ್ದುದಕ್ಕೆ ಹತ್ತಿರವಾದ ಕಾರ್ಯ. ಯಾರನ್ನೂ ಕೇಳದೆ, ಯಾರಿಗೂ ಕೃತಜ್ಞಳಾಗದೆ, ತನ್ನ ಕಣ್ಣಿಗೆ ಸರಿಯೆಂದು ತೋರಿದುದನ್ನು ಆಕೆ ಎತ್ತಿಕೊಳ್ಳುತ್ತಿದ್ದಳು. ಅದರಲ್ಲಿ ಅವಮಾನವಿತ್ತು, ರೋಗಭಯವಿತ್ತು, ಕಾನೂನಿನ ಭಯವೂ ಇತ್ತೆಂಬುದು ದಿಟ. ಉಗ್ರಾಣವು ಈ ಮೂರನ್ನೂ ನಿವಾರಿಸಿತು. ಅದರೊಡನೆಯೇ ಆಯುವ ಕೆಲಸವು ಆಕೆಯ ಕೈಯಿಂದ ಸ್ವಯಂಸೇವಕನ ಕೈಗೆ ದಾಟಿತು. ಈಗ ಹೊಲಕ್ಕೆ ಹೋಗುವವನು ಹೊಟ್ಟೆ ತುಂಬಿದವನು. ಹಸಿದವಳು ಸಾಲಿನಲ್ಲಿ ನಿಲ್ಲುತ್ತಾಳೆ. ಏನು ಸಿಕ್ಕಿತೋ, ಎಷ್ಟು ಸಿಕ್ಕಿತೋ, ಯಾರಿಗೆ ಮೊದಲೋ ಎಂಬುದು ಮೇಜಿನ ಆಚೆಯ ಬದಿಯಲ್ಲಿ ನಿರ್ಧಾರವಾಗುತ್ತದೆ. ಮಿಷ್ನಾ ಯಾವ ನೆರವನ್ನು ನಿಷೇಧಿಸಿತ್ತೋ ಅದೇ ನೆರವು ಇಲ್ಲಿ ವ್ಯವಸ್ಥೆಯ ಆಧಾರವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಇದಕ್ಕೆ ಸಮಾಧಾನವಿಲ್ಲವೆಂದಲ್ಲ. ಇಪ್ಪತ್ತನೆಯ ಶತಮಾನದ ಪಟ್ಟಣದಲ್ಲಿ ಆಹಾರವು ಹೊಲದಲ್ಲಿ ಉಳಿಯುವುದಕ್ಕಿಂತ ಗೋದಾಮಿನಲ್ಲಿ, ಅಂಗಡಿಯ ಕಪಾಟಿನಲ್ಲಿ ಉಳಿಯುವುದೇ ಹೆಚ್ಚು. ಒಂದು ಲಾರಿ ತುಂಬ ಬಂದ ಪದಾರ್ಥವನ್ನು ಒಬ್ಬೊಬ್ಬರು ಬಂದು ಆಯ್ದುಕೊಳ್ಳುವುದು ಅಸಾಧ್ಯ. ಅದನ್ನು ವಿಂಗಡಿಸಿ, ಕೆಟ್ಟುದನ್ನು ಬೇರ್ಪಡಿಸಿ, ತಣ್ಣಗಿಟ್ಟು, ಹಾಳಾಗುವ ಮುನ್ನ ಸಾಗಿಸಲು ಜನ ಬೇಕು. ಸಂಬಳ ಕೊಡುವ ಶಕ್ತಿಯಿಲ್ಲದೆಡೆ ಸ್ವಯಂಸೇವಕರೇ ಗತಿ. ಇಗರ್ಜಿಯಲ್ಲಿ ಕಟ್ಟಡವಿದೆ, ವಾರಕ್ಕೊಮ್ಮೆ ಸೇರುವ ಜನವಿದ್ದಾರೆ, ಪರಸ್ಪರ ನಂಬಿಕೆಯಿದೆ. ಬೇರೆ ಯಾವ ಸಂಸ್ಥೆಯೂ ಇಷ್ಟು ಬೇಗ ಈ ಕೆಲಸವನ್ನು ಎತ್ತಿಕೊಳ್ಳಲಾರದಾಗಿತ್ತು. ಸ್ವಯಂಸೇವಕರ ನಿಷ್ಠೆಯನ್ನು ಶಂಕಿಸಲು ನನಗೆ ಯಾವ ಆಧಾರವೂ ಕಾಣದು.

ಅನಂತರದ ಬೆಳವಣಿಗೆಯು ಶೀಘ್ರವಾದುದು. ಎಪ್ಪತ್ತರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರದ ಸಹಾಯಧನ ದೊರೆತು, ಇತರ ನಗರಗಳಲ್ಲಿ ಇಂಥ ಉಗ್ರಾಣಗಳೆದ್ದವು. ೧೯೭೬ರ ತೆರಿಗೆ ಸುಧಾರಣೆಯ ಕಾಯದೆಯು, ಸರಕನ್ನು ದಾನಮಾಡುವ ಕಂಪನಿಗಳಿಗೆ ಅಸಲು ಬೆಲೆಗಿಂತ ಹೆಚ್ಚಿನ ವಿನಾಯಿತಿಯನ್ನು ಕೊಟ್ಟಿತು. ೧೯೭೯ರಲ್ಲಿ ‘ಸೆಕೆಂಡ್ ಹಾರ್ವೆಸ್ಟ್’, ಎಂದರೆ ‘ಎರಡನೆಯ ಕೊಯ್ಲು’ ಎಂಬ ಹೆಸರಿನ ರಾಷ್ಟ್ರೀಯ ಸಂಸ್ಥೆಯು ಸ್ಥಾಪಿತವಾಯಿತು. ೨೦೦೮ರಿಂದ ‘ಫೀಡಿಂಗ್ ಅಮೆರಿಕ’ ಎಂದು ಕರೆಯಿಸಿಕೊಳ್ಳುತ್ತಿರುವ ಅದರಲ್ಲಿ ಸುಮಾರು ೨೦೦ ಆಹಾರ ಬ್ಯಾಂಕುಗಳು ಸೇರಿವೆ. ವಾನ್ ಹೆಂಗೆಲ್ ಅವರು ೨೦೦೫ರಲ್ಲಿ ತೀರಿಕೊಂಡರು.

ಇದೇ ಅವಧಿಯ ಶಾಸನಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ೧೯೬೪ರ ಫುಡ್ ಸ್ಟಾಂಪ್ ಕಾಯದೆ, ೧೯೭೭ರಲ್ಲಿ ಅದಕ್ಕಾದ ತಿದ್ದುಪಡಿ, ಇವು ಬಡವನಿಗೆ ರಾಜ್ಯದಿಂದ ಆಹಾರ ಪಡೆಯುವ ಅರ್ಹತೆಯನ್ನು ವಿಸ್ತರಿಸಿದವು. ಎಂಬತ್ತರ ದಶಕದ ಮೊದಲಲ್ಲಿ ಅಧ್ಯಕ್ಷ ರೇಗನ್ನರ ಸರ್ಕಾರವು ಆ ವೆಚ್ಚವನ್ನು ಕಡಿತಗೊಳಿಸಿತು. ಅದೇ ಸಮಯದಲ್ಲಿ ಹಾಲಿನ ಬೆಲೆಯನ್ನು ಕಾಪಾಡಲು ಸರ್ಕಾರವು ಕೊಂಡು ಕೂಡಿಟ್ಟಿದ್ದ ಚೀಸು ಬೂಸಲು ಹಿಡಿಯುತ್ತಿತ್ತು. ೧೯೮೧ರ ಡಿಸೆಂಬರಿನಲ್ಲಿ ಅದರಲ್ಲಿ ೩ ಕೋಟಿ ಪೌಂಡನ್ನು ಬಡವರಿಗೆ ಹಂಚಲು ಆಜ್ಞೆಯಾಯಿತು. ಹಂಚುವವರು ಯಾರು? ಇಗರ್ಜಿಗಳು, ಆಹಾರ ಬ್ಯಾಂಕುಗಳು, ಅವುಗಳ ಸ್ವಯಂಸೇವಕರು. ೧೯೮೩ರಲ್ಲಿ ಇದಕ್ಕೆ ‘ತಾತ್ಕಾಲಿಕ ತುರ್ತು ಆಹಾರ ಸಹಾಯ’ವೆಂಬ ಹೆಸರಿನಲ್ಲಿ ಕಾಯದೆಯಾಯಿತು. ೧೯೯೦ರಲ್ಲಿ ಆ ಹೆಸರಿನಿಂದ ‘ತಾತ್ಕಾಲಿಕ’ ಎಂಬ ಶಬ್ದವನ್ನು ತೆಗೆದುಹಾಕಿದರು. ಇಂಗ್ಲಿಷಿನಲ್ಲಿ ಎರಡಕ್ಕೂ ಮೊದಲ ಅಕ್ಷರ ಒಂದೇ ಆಗುವಂತೆ ಹೊಂದಿಸಿದ್ದರಿಂದ ಸಂಕ್ಷಿಪ್ತ ನಾಮವು ಮಾತ್ರ ಮೊದಲಿನಂತೆಯೇ ಉಳಿಯಿತು. ತುರ್ತು ಶಾಶ್ವತವಾದುದನ್ನು ಇದಕ್ಕಿಂತ ಮಿತವ್ಯಯದಿಂದ ಬೇರೆ ಯಾವ ಸರ್ಕಾರವೂ ದಾಖಲಿಸಿರಲಾರದು.

೧೯೯೬ನೆಯ ಇಸವಿಯೂ ಗಮನಾರ್ಹವಾದುದು. ಆ ವರ್ಷದ ಆಗಸ್ಟಿನಲ್ಲಿ ಅಧ್ಯಕ್ಷ ಕ್ಲಿಂಟನ್ನರು ಬಡಕುಟುಂಬಗಳ ನೆರವಿನ ಹಕ್ಕನ್ನು ಮೊಟಕುಗೊಳಿಸಿದ ಕಾಯದೆಗೆ ಸಹಿ ಹಾಕಿದರು. ಅಕ್ಟೋಬರಿನಲ್ಲಿ, ಸದ್ಭಾವದಿಂದ ಆಹಾರವನ್ನು ದಾನಮಾಡಿದವರನ್ನು ಮೊಕದ್ದಮೆಗಳಿಂದ ರಕ್ಷಿಸುವ ಕಾಯದೆಗೆ ಸಹಿ ಹಾಕಿದರು. ‘ಸದಯನಾದ ಸಮಾರ್ಯದವ’ನ ಹೆಸರನ್ನು ಹೊತ್ತ ಕಾಯದೆಯದು. ಎರಡನೆಯದು ಒಳ್ಳೆಯ ಕಾಯದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ರಕ್ಷಣೆ ಕೊಡುವುದು ಕೊಡುವವನಿಗೆ. ಪಡೆಯುವವನಿಗೆ ಅದರಿಂದ ಯಾವ ಅಧಿಕಾರವೂ ಹುಟ್ಟುವುದಿಲ್ಲ. ಮೋಶೆಯ ವಿಧಿಯಲ್ಲಿ ಭಾರವು ಒಡೆಯನ ಮೇಲಿದ್ದಿತು, ಅಧಿಕಾರವು ವಿಧವೆಗಿದ್ದಿತು.

ಸಮಾಜಶಾಸ್ತ್ರಜ್ಞೆ ಜಾನೆಟ್ ಪೊಪ್ಪೆಂಡಿಕ್ ಅವರು ೧೯೯೮ರಲ್ಲಿ ಪ್ರಕಟಿಸಿದ ‘ಸ್ವೀಟ್ ಚಾರಿಟಿ’ ಎಂಬ ಗ್ರಂಥದಲ್ಲಿ, ಅನ್ನಶಾಲೆಗಳ ಸ್ವಯಂಸೇವಕರ ಜೊತೆಯಲ್ಲಿದ್ದು ಸಂಗ್ರಹಿಸಿದ ವಿಷಯಗಳ ಆಧಾರದ ಮೇಲೆ ಒಂದು ಕಠಿಣವಾದ ವಾದವನ್ನು ಮುಂದಿಟ್ಟರು. ಸ್ವಯಂಸೇವೆಯು ಸಮಾಜಕ್ಕೆ ತಾನು ಏನನ್ನೋ ಮಾಡುತ್ತಿದ್ದೇನೆಂಬ ಸಮಾಧಾನವನ್ನು ಕೊಟ್ಟು, ಬಡತನದ ಮೂಲವನ್ನು ಕುರಿತ ಒತ್ತಡವನ್ನು ರಾಜ್ಯದ ಮೇಲಿಂದ ಇಳಿಸುತ್ತದೆ ಎಂಬುದು ಅದರ ತಾತ್ಪರ್ಯ. ಈ ವಾದದಲ್ಲಿ ಸತ್ಯಾಂಶವು ಹೆಚ್ಚಾಗಿಯೇ ಇದೆಯೆಂದು ನಾನು ಭಾವಿಸುತ್ತೇನೆ. ಆದರೂ ಇದನ್ನು ಕೇಳಿ ಸ್ವಯಂಸೇವಕನು ಮನೆಗೆ ಹೋದರೆ ಆ ಸಂಜೆ ಊಟವಿಲ್ಲದೆ ಉಳಿಯುವವನು ಸೆನೆಟರನಲ್ಲ. ಜೂಲಿಯನನ ಪತ್ರವನ್ನೂ ಇಲ್ಲಿ ಮರೆಯಬಾರದು; ಚರ್ಚಿನ ಹಂಚಿಕೆಯು ರಾಜ್ಯವನ್ನು ಸೋಮಾರಿಯನ್ನಾಗಿ ಮಾಡಬಹುದಾದಂತೆ ಕೆಲವೊಮ್ಮೆ ನಾಚಿಸಲೂಬಹುದು. ಯಾವಾಗ ನಾಚಿಸುತ್ತದೆ, ಯಾವಾಗ ಮಲಗಿಸುತ್ತದೆ ಎಂಬುದು ಒಂದೊಂದು ದೇಶಕಾಲದಲ್ಲಿ ಪ್ರತ್ಯೇಕವಾಗಿ ವಿಚಾರಿಸಬೇಕಾದ ವಿಷಯ.

ಇಂಗ್ಲೆಂಡಿನ ನಿದರ್ಶನವು ಇದಕ್ಕೆ ಉಪಯುಕ್ತವಾದುದು. ೧೯೯೭ರಲ್ಲಿ ಬಲ್ಗೇರಿಯದ ಬಡಮಕ್ಕಳ ನೆರವಿಗೆಂದು ಕ್ರೈಸ್ತ ದಂಪತಿಗಳು ಸ್ಥಾಪಿಸಿದ ಟ್ರಸ್ಸೆಲ್ ಟ್ರಸ್ಟ್ ಎಂಬ ಸಂಸ್ಥೆಗೆ, ಅದರ ಸ್ವಂತ ಊರಾದ ಸಾಲ್ಸ್‌ಬರಿಯ ತಾಯಿಯೊಬ್ಬಳು, ತನ್ನ ಮಕ್ಕಳು ಈ ರಾತ್ರಿ ಹಸಿದು ಮಲಗುವರೆಂದು ತಿಳಿಸಿದಳು. ೨೦೦೦ದಲ್ಲಿ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಆಹಾರ ಬ್ಯಾಂಕು ಪ್ರಾರಂಭವಾಯಿತು. ಜೆರೂಸಲೇಮಿನ ವಿಧವೆಯರು, ಫೀನಿಕ್ಸಿನ ತಾಯಿ, ಸಾಲ್ಸ್‌ಬರಿಯ ತಾಯಿ: ಮೂರೆಡೆಯೂ ಮೊದಲ ಮಾತು ಹಸಿದವರ ಕಡೆಯಿಂದಲೇ ಬಂದಿದೆ. ಈ ವ್ಯವಸ್ಥೆಯಲ್ಲಿ ವೈದ್ಯರು, ಸಮಾಜಕಾರ್ಯಕರ್ತರು ಮೊದಲಾದವರು ಕೊಟ್ಟ ಚೀಟಿಯನ್ನು ತಂದವರಿಗೆ ಮೂರು ದಿನಗಳ ಆಹಾರವು ಸಿಗುತ್ತದೆ. ಇಗರ್ಜಿಗಳೊಡನೆ ಒಪ್ಪಂದ ಮಾಡಿಕೊಂಡು ಸಂಸ್ಥೆಯು ಹರಡಿತು. ೨೦೧೩ರಲ್ಲಿ ಸರ್ಕಾರದ ಮಂತ್ರಿಯೊಬ್ಬರು ಪ್ರಭುಸಭೆಯಲ್ಲಿ, ಪುಕ್ಕಟೆ ಸಿಗುವ ವಸ್ತುವಿಗೆ ಬೇಡಿಕೆ ಮಿತಿಯಿಲ್ಲದಿರುವುದು ಸಹಜವೆಂಬರ್ಥದ ಮಾತನ್ನಾಡಿದರು. ಚೀಟಿಯಿಲ್ಲದೆ ಕೊಡುವುದಿಲ್ಲವೆಂಬುದನ್ನು ಸ್ವಯಂಸೇವಕರು ನೆನಪಿಸಬೇಕಾಯಿತು. ಚೀಟಿಯ ಮೇಲೆ ಬಂದ ಕಾರಣವನ್ನು ಗುರುತಿಸುವ ಪದ್ಧತಿಯಿದ್ದುದರಿಂದ, ಸರ್ಕಾರದ ಭತ್ಯ ತಡವಾದುದು, ನಿಂತುಹೋದುದು ಎಷ್ಟು ಮಂದಿಯನ್ನು ಅಲ್ಲಿಗೆ ಕಳಿಸಿತೆಂಬುದು ಲೆಕ್ಕಕ್ಕೆ ಸಿಕ್ಕಿತು. ೨೦೧೪ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಸದಸ್ಯ ಫ್ರಾಂಕ್ ಫೀಲ್ಡ್ ಮತ್ತು ಟ್ರೂರೊದ ಬಿಷಪ್ಪರ ನೇತೃತ್ವದಲ್ಲಿ ಹೊರಬಂದ ವರದಿಯು ಭತ್ಯದ ವಿಳಂಬವನ್ನು ಮುಖ್ಯ ಕಾರಣಗಳಲ್ಲಿ ಒಂದೆಂದು ಹೇಳಿತು. ಇಲ್ಲಿ ಸ್ವಯಂಸೇವಕನು ಹಂಚುವವನಷ್ಟೇ ಆಗದೆ ಸಾಕ್ಷಿಯೂ ಆದನು.

ಫ್ರಾನ್ಸಿನಲ್ಲಿ ೨೦೧೬ರ ಕಾಯದೆಯೊಂದು ೪೦೦ ಚದರ ಮೀಟರಿಗಿಂತ ದೊಡ್ಡದಾದ ಆಹಾರದ ಅಂಗಡಿಗಳು ಉಳಿದ ಆಹಾರವನ್ನು ಕೊಡಲು ಧರ್ಮಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಲೇಬೇಕೆಂದು ವಿಧಿಸಿತು. ಒಡೆಯನ ಮೇಲಿನ ಭಾರವು ಈ ರೀತಿಯಲ್ಲಿ ಮರಳಿ ಬಂದಿದೆ. ಪಾಲನ್ನು ಪಡೆಯುವ ಪಕ್ಷವಾಗಿ ಕಾಯದೆಯು ಗುರುತಿಸಿರುವುದು ಮಾತ್ರ ಸಂಸ್ಥೆಯನ್ನು. ಭಾರತದ ೨೦೧೩ರ ಆಹಾರ ಭದ್ರತಾ ಕಾಯದೆಯು ಇದಕ್ಕೆ ವ್ಯತಿರಿಕ್ತವಾಗಿ ಪಟ್ಟಿಯಲ್ಲಿರುವ ವ್ಯಕ್ತಿಗೇ ತಿಂಗಳಿಗೆ ೫ ಕಿಲೋಗ್ರಾಂ ಧಾನ್ಯವನ್ನು ಗೊತ್ತುಮಾಡಿದೆ. ಪಟ್ಟಿಯಲ್ಲಿ ಯಾರು ಸೇರಬೇಕೆಂಬ ರೋಮಿನ ಪ್ರಶ್ನೆಯು ಅಲ್ಲಿ ಮತ್ತೆ ಏಳುತ್ತದೆ.

ಕೊನೆಯದಾಗಿ, ಈ ವಿಷಯದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಅಂಕಿಗಳ ಸ್ವರೂಪವನ್ನು ಎಚ್ಚರಿಕೆಯಿಂದ ನೋಡತಕ್ಕದ್ದು. ಅಮೆರಿಕದ ಉಗ್ರಾಣಗಳ ಹಳೆಯ ಲೆಕ್ಕವು ಪೌಂಡುಗಳಲ್ಲಿದೆ. ಎಷ್ಟು ತೂಕ ಬಂದು ಎಷ್ಟು ಹೋಯಿತೆಂಬುದು ಅದರಿಂದ ತಿಳಿಯುತ್ತದೆ, ಉಂಡವರು ಯಾರೆಂಬುದು ತಿಳಿಯುವುದಿಲ್ಲ. ಸಿರ್ತಾದ ಗುಮಾಸ್ತನು ಪಾದರಕ್ಷೆಗಳನ್ನು ಹೆಣ್ಣು ಗಂಡುಗಳೆಂದು ಬೇರ್ಪಡಿಸಿದಷ್ಟರ ಮಟ್ಟಿಗೂ ಅವು ಸಹಾಯಕವಾಗವು. ಟ್ರಸ್ಸೆಲ್ ಟ್ರಸ್ಟಿನ ಲೆಕ್ಕದಲ್ಲಿ ೨೦೧೩-೧೪ನೆಯ ವರ್ಷಕ್ಕೆ ೯,೧೩,೧೩೮ ಎಂಬ ಸಂಖ್ಯೆಯಿದೆ. ವೃತ್ತಪತ್ರಿಕೆಗಳು ಅಷ್ಟು ಮಂದಿ ಹಸಿದಿದ್ದರೆಂದು ಬರೆದವು. ಅದು ಮೂರು ದಿನಗಳ ಆಹಾರವನ್ನು ಎಷ್ಟು ಸಲ ಕೊಡಲಾಯಿತೆಂಬುದರ ಎಣಿಕೆ. ಒಬ್ಬಳೇ ಎರಡು ಬಾರಿ ಬಂದಿದ್ದರೆ ಅವಳನ್ನು ಎರಡು ಬಾರಿ ಎಣಿಸಿದೆ, ನಾಚಿ ಬಾರದೆ ಉಳಿದವಳನ್ನು ಒಮ್ಮೆಯೂ ಎಣಿಸಿಲ್ಲ.